ವಾಸ್ತವ ಸಂಖ್ಯೆಗಳ ಮೂಲ ಗುಣಗಳು: ಬೀಜಗಣಿತದ ಪ್ರತಿ ಸಾಲಿಗೂ ಕಾರಣ ಕೊಡುವುದು ಹೇಗೆ?

ಕೂಡುವುದು, ಕಳೆಯುವುದು ಬಾರದೆ ಬೀಜಗಣಿತದ ಲೆಕ್ಕ ತಪ್ಪುವುದು ಅಪರೂಪ. ಇಲ್ಲದ ನಿಯಮವೊಂದನ್ನು ಇದೆ ಎಂದುಕೊಂಡು ಬಳಸಿದಾಗಲೇ ಹೆಚ್ಚಿನ ತಪ್ಪುಗಳು ಆಗುತ್ತವೆ. (ಯ + 3)² ಅನ್ನು ಯ² + 9 ಎಂದು ಬರೆಯುವವರಿಗೆ 3ರ ವರ್ಗ 9 ಎಂಬುದು ಚೆನ್ನಾಗಿಯೇ ಗೊತ್ತಿರುತ್ತದೆ. ವರ್ಗವನ್ನು ಕೂಡಿಕೆಯ ಮೇಲೆ ಹೀಗೆ ಹಂಚಲು ಬರುವುದಿಲ್ಲ ಎಂಬುದಷ್ಟೇ ಗೊತ್ತಿರುವುದಿಲ್ಲ. ಯಾವ ನಿಯಮ ಇದೆ, ಯಾವುದು ಇಲ್ಲ, ಇರುವುದು ಎಲ್ಲಿಯ ತನಕ ನಡೆಯುತ್ತದೆ ಎಂಬುದನ್ನು ಒಮ್ಮೆ ಗಟ್ಟಿ ಮಾಡಿಕೊಂಡರೆ ಶಾಲೆಯ ಬೀಜಗಣಿತದ ಪ್ರತಿ ಸಾಲಿಗೂ ಕಾರಣ ಕೊಡಬಹುದು. ಕಲಿಯಬೇಕಾದ ನಿಯಮಗಳು ಹೆಚ್ಚೇನಿಲ್ಲ, ಬೆರಳೆಣಿಕೆಯಷ್ಟು.

ಈ ಬರಹದಲ್ಲಿ ಅ, ಬ, ಕ ಎಂದರೆ ಯಾವುದೇ ವಾಸ್ತವ ಸಂಖ್ಯೆಗಳು. ಕಂಡುಹಿಡಿಯಬೇಕಾದ ಸಂಖ್ಯೆಗೆ ಯ. ಕಾಗದವೊಂದನ್ನು ತೆಗೆದುಕೊಂಡು ಮಧ್ಯೆ ಉದ್ದಕ್ಕೆ ಗೆರೆ ಎಳೆಯಿರಿ. ಎಡಗಡೆ ಲೆಕ್ಕದ ಸಾಲು ಬರಲಿ, ಬಲಗಡೆ ಆ ಸಾಲಿಗೆ ಕಾರಣವಾದ ಗುಣದ ಹೆಸರು ಬರಲಿ. ಬಲಗಡೆ ಬರೆಯಲು ಹೆಸರು ಸಿಗದ ಸಾಲನ್ನು ಅನುಮಾನಿಸಿ. ಇಡೀ ವಿಧಾನ ಇಷ್ಟೇ. ಮುಂದಿನದೆಲ್ಲ ಆ ಬಲಗಡೆಯ ಅಂಕಣ ತುಂಬಲು ಬೇಕಾದ ಸಾಮಗ್ರಿ.

ಮೊದಲ ಹೆಜ್ಜೆ: ಕೈಯಲ್ಲಿರುವುದು ಯಾವ ಬಗೆಯ ಸಂಖ್ಯೆ?

1, 2, 3 ಮುಂತಾದವು ಸ್ವಾಭಾವಿಕ ಸಂಖ್ಯೆಗಳು. ಅವುಗಳಿಗೆ 0 ಸೇರಿದರೆ ಪೂರ್ಣ ಸಂಖ್ಯೆಗಳು, −1, −2, −3 ಕೂಡ ಸೇರಿದರೆ ಪೂರ್ಣಾಂಕಗಳು. ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ, ಛೇದ 0 ಆಗದಂತೆ, ಬರೆಯಲು ಬರುವುದೆಲ್ಲ ಭಾಗಲಬ್ಧ ಸಂಖ್ಯೆ. ಸಂಖ್ಯಾರೇಖೆಯ ಮೇಲೆ ಜಾಗವಿದ್ದೂ ಹಾಗೆ ಬರೆಯಲು ಬಾರದ್ದು ಅಭಾಗಲಬ್ಧ ಸಂಖ್ಯೆ. ಇವೆರಡೂ ಸೇರಿದರೆ ವಾಸ್ತವ ಸಂಖ್ಯೆಗಳು.

ಗುರುತಿಸುವಾಗ ಬರೆದ ರೂಪಕ್ಕೆ ಮೋಸಹೋಗಬೇಡಿ, ಮೊದಲು ಸುಲಭೀಕರಿಸಿ. √16 ನೋಡಲು ಮೂಲಚಿಹ್ನೆಯ ಸಂಖ್ಯೆ, ಆದರೆ ಅದು 4. 22/7 ಭಾಗಲಬ್ಧ, ಪೈ ಅಭಾಗಲಬ್ಧ, ಅದನ್ನು 1761ರಲ್ಲಿ ಗಣಿತಜ್ಞ ಲ್ಯಾಂಬರ್ಟ್ ಸಾಧಿಸಿ ತೋರಿಸಿದರು. ಹೀಗಾಗಿ ಪೈ ಬದಲು 22/7 ಬಳಸಿದ ಕ್ಷಣವೇ ಉತ್ತರ ಅಂದಾಜಿನದಾಗುತ್ತದೆ, ಸಮ ಚಿಹ್ನೆ ಹಾಕುವಂತಿಲ್ಲ. ದಶಮಾಂಶ ರೂಪದಲ್ಲಿ ಪರೀಕ್ಷೆ ಸುಲಭ: ಅಂಕಿಗಳು ಎಲ್ಲೋ ನಿಂತರೆ ಅಥವಾ ಒಂದೇ ಗುಂಪು ಮತ್ತೆ ಮತ್ತೆ ಬರುತ್ತಿದ್ದರೆ ಭಾಗಲಬ್ಧ. 0.1010010001… ಎಂಬುದರಲ್ಲಿ ಸೊನ್ನೆಗಳು ಪ್ರತಿ ಸಲ ಒಂದೊಂದು ಹೆಚ್ಚುತ್ತವೆ. ಅಲ್ಲಿ ಒಂದು ಕ್ರಮವಿದೆ, ಆದರೆ ಆವರ್ತನೆ ಇಲ್ಲ, ಹಾಗಾಗಿ ಅದು ಅಭಾಗಲಬ್ಧ. ಕ್ರಮವನ್ನೇ ಆವರ್ತನೆ ಎಂದುಕೊಳ್ಳುವುದು ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು.

ಆವರ್ತಿಸುವ ದಶಮಾಂಶವನ್ನು ಭಿನ್ನರಾಶಿಗೆ ತರುವ ಬಗೆ ಹೀಗೆ. ಯ = 0.1666… ಎಂದಿರಲಿ. ಆವರ್ತಿಸದ ಅಂಕಿ ಒಂದಿದೆ, ಆದ್ದರಿಂದ 10ರಿಂದ ಗುಣಿಸಿ: 10ಯ = 1.666… ಆವರ್ತಿಸುವ ಅಂಕಿಯೂ ಒಂದೇ, ಇನ್ನೊಮ್ಮೆ 10ರಿಂದ ಗುಣಿಸಿ: 100ಯ = 16.666… ಈಗ ಕಳೆಯಿರಿ: 90ಯ = 15. ಆದ್ದರಿಂದ ಯ = 15/90 = 1/6. ಇದೇ ದಾರಿಯಲ್ಲಿ 0.999… ತೆಗೆದುಕೊಂಡರೆ 9ಯ = 9 ಆಗಿ ಯ = 1 ಬರುತ್ತದೆ. ಅದು 1ಕ್ಕೆ ಹತ್ತಿರದ ಸಂಖ್ಯೆಯಲ್ಲ, 1 ಎಂಬ ಸಂಖ್ಯೆಯದೇ ಇನ್ನೊಂದು ಬರಹ.

ಆವೃತ ಗುಣ

ಎರಡು ವಾಸ್ತವ ಸಂಖ್ಯೆಗಳನ್ನು ಕೂಡಿದರೂ ಗುಣಿಸಿದರೂ ಸಿಗುವುದು ವಾಸ್ತವ ಸಂಖ್ಯೆಯೇ. ಇದು ಹೇಳಬೇಕಾದ್ದೇ ಅಲ್ಲ ಅನ್ನಿಸಬಹುದು. ಸಣ್ಣ ಗಣಗಳನ್ನು ನೋಡಿದಾಗ ಇದರ ಬೆಲೆ ತಿಳಿಯುತ್ತದೆ. ಸ್ವಾಭಾವಿಕ ಸಂಖ್ಯೆಗಳಲ್ಲಿ 3 − 8ಕ್ಕೆ ಉತ್ತರವಿಲ್ಲ; ಪೂರ್ಣಾಂಕಗಳಲ್ಲಿ 3 ÷ 8ಕ್ಕೆ ಇಲ್ಲ. ಅಭಾಗಲಬ್ಧ ಸಂಖ್ಯೆಗಳಂತೂ ಕೂಡುವುದರಲ್ಲೂ ಆವೃತವಲ್ಲ: (2 + √3) + (2 − √3) = 4, √2 × √2 = 2. ಆದ್ದರಿಂದ “ಎರಡು ಅಭಾಗಲಬ್ಧಗಳನ್ನು ಕೂಡಿದರೆ ಅಭಾಗಲಬ್ಧ” ಎಂಬ ಮಾತು ಸುಳ್ಳು. ಒಂದು ಭಾಗಲಬ್ಧ, ಒಂದು ಅಭಾಗಲಬ್ಧ ಕೂಡಿದರೆ ಮಾತ್ರ ಮೊತ್ತ ಖಂಡಿತ ಅಭಾಗಲಬ್ಧ. ಹಾಗಾಗದಿದ್ದರೆ ಮೊತ್ತದಿಂದ ಆ ಭಾಗಲಬ್ಧವನ್ನು ಕಳೆದಾಗ ಅಭಾಗಲಬ್ಧವೇ ಭಾಗಲಬ್ಧ ಎಂದಾಗಿಬಿಡುತ್ತದೆ. ಗುಣಾಕಾರದಲ್ಲಿ ಇದೇ ಮಾತು ಹೇಳಬೇಕಾದರೆ ಭಾಗಲಬ್ಧ ಸಂಖ್ಯೆ 0 ಆಗಿರಬಾರದು ಎಂಬ ಷರತ್ತು ಸೇರಿಸಬೇಕು, ಯಾಕೆಂದರೆ 0 × √2 = 0.

ವಾಸ್ತವ ಸಂಖ್ಯೆಗಳ ಬೇಲಿಯೂ ಎಲ್ಲಿದೆ ಎಂದು ತಿಳಿದಿರಬೇಕು. ವರ್ಗಮೂಲ ತೆಗೆಯುವುದಕ್ಕೆ ಇವು ಆವೃತವಲ್ಲ: √(−4) ವಾಸ್ತವ ಸಂಖ್ಯೆಯಲ್ಲ. ಘನಮೂಲಕ್ಕೆ ಆ ತೊಂದರೆ ಇಲ್ಲ, −8ರ ಘನಮೂಲ −2.

ಪರಿವರ್ತನೀಯ ಮತ್ತು ಸಹವರ್ತನೀಯ ಗುಣಗಳು

ಪರಿವರ್ತನೀಯ ಗುಣ ಜಾಗ ಬದಲಿಸುತ್ತದೆ: ಅ + ಬ = ಬ + ಅ, ಅ × ಬ = ಬ × ಅ. ಸಹವರ್ತನೀಯ ಗುಣ ಗುಂಪು ಬದಲಿಸುತ್ತದೆ: (ಅ + ಬ) + ಕ = ಅ + (ಬ + ಕ), ಗುಣಾಕಾರಕ್ಕೂ ಹಾಗೆಯೇ. ಯಾವುದು ಬಳಕೆಯಾಯಿತು ಎಂದು ಹೇಳಲು ಸಂಖ್ಯೆಗಳನ್ನು ಎಡದಿಂದ ಬಲಕ್ಕೆ ಓದಿ. ಓದುವ ಕ್ರಮ ಬದಲಾಗಿದ್ದರೆ ಪರಿವರ್ತನೀಯ. ಕ್ರಮ ಅದೇ ಇದ್ದು ಆವರಣ ಮಾತ್ರ ಸರಿದಿದ್ದರೆ ಸಹವರ್ತನೀಯ. (5 + 7) + 2 = (7 + 5) + 2 ಎಂಬಲ್ಲಿ ಆವರಣ ಇದ್ದರೂ ಆಗಿರುವುದು ಪರಿವರ್ತನೆ. ಆವರಣ ಕಂಡ ಕೂಡಲೇ ಸಹವರ್ತನೀಯ ಎಂದು ಬರೆಯುವ ಅಭ್ಯಾಸ ಬಿಡಬೇಕು.

ಒಂದು ಇದ್ದರೆ ಇನ್ನೊಂದೂ ಇರಲೇಬೇಕು ಎಂದೇನಿಲ್ಲ. ಎರಡು ಸಂಖ್ಯೆಗಳ ಸರಾಸರಿ ತೆಗೆಯುವ ಕ್ರಿಯೆಯನ್ನು ನೋಡಿ. 2 ಮತ್ತು 4ರ ಸರಾಸರಿ, 4 ಮತ್ತು 2ರ ಸರಾಸರಿ ಎರಡೂ 3, ಅಂದರೆ ಪರಿವರ್ತನೀಯ. ಈಗ 2, 4, 8 ತೆಗೆದುಕೊಳ್ಳಿ. ಮೊದಲ ಎರಡರ ಸರಾಸರಿ 3, ಅದರ ಮತ್ತು 8ರ ಸರಾಸರಿ 5.5. ಕೊನೆಯ ಎರಡರ ಸರಾಸರಿ 6, ಅದರ ಮತ್ತು 2ರ ಸರಾಸರಿ 4. ಗುಂಪು ಬದಲಾದರೆ ಉತ್ತರವೇ ಬೇರೆ. ಸರಾಸರಿಗಳ ಸರಾಸರಿ ತೆಗೆದು ಒಟ್ಟು ಸರಾಸರಿ ಎನ್ನುವ ತಪ್ಪಿನ ಬೇರು ಇಲ್ಲಿದೆ.

ವ್ಯವಕಲನ ಮತ್ತು ಭಾಗಾಕಾರಕ್ಕೆ ಈ ಎರಡು ಗುಣಗಳೂ ಇಲ್ಲ. (20 − 8) − 5 = 7, ಆದರೆ 20 − (8 − 5) = 17. (48 ÷ 6) ÷ 2 = 4, ಆದರೆ 48 ÷ (6 ÷ 2) = 16. ಹಾಗಾದರೆ 9 − 4ಯ − 2 + 7ಯ ಎಂಬಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡುವುದು ಹೇಗೆ ಸರಿ? ಅದಕ್ಕೆ ಮೊದಲು ವ್ಯವಕಲನವನ್ನು ಕೂಡಿಕೆಯಾಗಿ ಬರೆದುಕೊಳ್ಳಬೇಕು: 9 + (−4ಯ) + (−2) + 7ಯ. ಈಗ ಎಲ್ಲವೂ ಕೂಡಿಕೆ, ಹೇಗೆ ಬೇಕಾದರೂ ಜೋಡಿಸಬಹುದು: 7ಯ + (−4ಯ) + 9 + (−2), ಅಂದರೆ 3ಯ + 7. ಪದದ ಎಡಗಡೆಯ ಚಿಹ್ನೆ ಆ ಪದದ ಸ್ವಂತದ್ದು, ಪದ ಎಲ್ಲಿಗೆ ಹೋದರೂ ಜೊತೆಯಲ್ಲೇ ಹೋಗಬೇಕು. ಚಿಹ್ನೆಯನ್ನು ಹಳೆಯ ಜಾಗದಲ್ಲೇ ಬಿಟ್ಟು ಪದವನ್ನು ಮಾತ್ರ ಎಳೆದಾಗಲೇ 9 − 7ಯ − 2 + 4ಯ ಎಂಬಂಥ ಅನಾಹುತಗಳು ಆಗುವುದು. ಭಾಗಾಕಾರವನ್ನೂ ಹೀಗೆಯೇ ವ್ಯುತ್ಕ್ರಮದಿಂದ ಗುಣಿಸುವುದಾಗಿ ಬರೆದುಕೊಳ್ಳಿ: ಅ ÷ ಬ = ಅ × (1/ಬ).

ಅನನ್ಯತಾಂಶ ಮತ್ತು ವಿಲೋಮ

ಕೂಡಿದರೂ ಸಂಖ್ಯೆಯನ್ನು ಬದಲಿಸದೆ ಬಿಡುವುದು 0. ಅದು ಸಂಕಲನದ ಅನನ್ಯತಾಂಶ. ಗುಣಾಕಾರದ ಅನನ್ಯತಾಂಶ 1. ಅ ಜೊತೆ ಕೂಡಿದಾಗ 0 ಕೊಡುವುದು ಅದರ ಸಂಕಲನ ವಿಲೋಮ, −ಅ. ಅ ಜೊತೆ ಗುಣಿಸಿದಾಗ 1 ಕೊಡುವುದು ಗುಣಾಕಾರ ವಿಲೋಮ ಅಥವಾ ವ್ಯುತ್ಕ್ರಮ, 1/ಅ. ಇದು 0 ಬಿಟ್ಟು ಉಳಿದೆಲ್ಲ ಸಂಖ್ಯೆಗಳಿಗೂ ಉಂಟು.

ಇವೆರಡನ್ನೂ ಕಲಸಿಕೊಳ್ಳುವವರು ಬಹಳ. −3/7ರ ಸಂಕಲನ ವಿಲೋಮ 3/7, ಗುಣಾಕಾರ ವಿಲೋಮ −7/3. ಮೊದಲನೆಯದರಲ್ಲಿ ಚಿಹ್ನೆ ಬದಲಾಗುತ್ತದೆ, ಭಿನ್ನರಾಶಿ ತಲೆಕೆಳಗಾಗುವುದಿಲ್ಲ. ಎರಡನೆಯದರಲ್ಲಿ ಭಿನ್ನರಾಶಿ ತಲೆಕೆಳಗಾಗುತ್ತದೆ, ಚಿಹ್ನೆ ಹಾಗೆಯೇ ಉಳಿಯುತ್ತದೆ. ಅನುಮಾನ ಬಂದರೆ ಕೂಡಿ ಅಥವಾ ಗುಣಿಸಿ ನೋಡಿ. 0 ಬರಬೇಕೋ 1 ಬರಬೇಕೋ ಎಂಬುದೇ ಪರೀಕ್ಷೆ. ಇನ್ನೊಂದು ಎಚ್ಚರ: −ಯ ಎಂದರೆ ಋಣ ಸಂಖ್ಯೆ ಎಂದಲ್ಲ, ಯ ಎಂಬುದರ ವಿಲೋಮ ಎಂದಷ್ಟೇ. ಯ = −6 ಆದರೆ −ಯ = 6.

1ರಿಂದ ಗುಣಿಸುವುದು ನಿಷ್ಪ್ರಯೋಜಕ ಅನ್ನಿಸಬಹುದು, ಆದರೆ ಭಿನ್ನರಾಶಿಗಳ ಅರ್ಧ ಕೆಲಸ ಮಾಡಿಕೊಡುವುದು ಅದೇ. 2/3ನ್ನು 8/12 ಮಾಡುವಾಗ 4/4ರಿಂದ, ಅಂದರೆ 1ರಿಂದ, ಗುಣಿಸಿರುತ್ತೇವೆ. ಛೇದದ ಮೂಲಚಿಹ್ನೆ ತೆಗೆಯುವುದೂ ಹೀಗೆಯೇ: 1/(√2 − 1) ಎಂಬುದನ್ನು (√2 + 1)/(√2 + 1) ರಿಂದ ಗುಣಿಸಿದರೆ ಛೇದ 2 − 1 = 1 ಆಗಿ ಉತ್ತರ √2 + 1. ಸಂಖ್ಯೆಯ ಬೆಲೆ ಬದಲಾಗಲಿಲ್ಲ, ರೂಪ ಮಾತ್ರ ಬದಲಾಯಿತು.

ವಿಭಾಜಕ ಗುಣ: ಇಲ್ಲಿ ನಿಧಾನವಾಗಿ ನಡೆಯಿರಿ

ಅ × (ಬ + ಕ) = ಅ × ಬ + ಅ × ಕ. ಈ ತನಕದ ಗುಣಗಳೆಲ್ಲ ಕೂಡಿಕೆಯ ಬಗ್ಗೆ ಬೇರೆ, ಗುಣಾಕಾರದ ಬಗ್ಗೆ ಬೇರೆ ಮಾತಾಡಿದವು. ಎರಡನ್ನೂ ಒಂದಕ್ಕೊಂದು ಜೋಡಿಸುವುದು ಇದೊಂದೇ. ಇದನ್ನು ತೆಗೆದುಬಿಟ್ಟರೆ ಬೀಜಗಣಿತವೇ ನಿಂತುಹೋಗುತ್ತದೆ: ಆವರಣ ಬಿಡಿಸಲು ಆಗದು, ಸಜಾತಿ ಪದಗಳನ್ನು ಕೂಡಲು ಆಗದು, ಅಪವರ್ತಿಸಲು ಆಗದು. 7ಯ − 4ಯ = 3ಯ ಎಂಬ ಪುಟ್ಟ ಸಾಲಿನ ಹಿಂದೆಯೂ (7 − 4) × ಯ ಎಂಬ ವಿಭಾಜಕ ಗುಣವಿದೆ. 7ಯ − 4 ಅನ್ನು 3ಯ ಮಾಡಲು ಬಾರದಿರುವುದೂ ಅದಕ್ಕೇ. ಹೊರಗೆ ತೆಗೆಯಲು ಎರಡೂ ಪದಗಳಲ್ಲಿ ಯ ಇಲ್ಲ.

ಬಾಯಿಲೆಕ್ಕದಲ್ಲೂ ಇದು ಕೈಹಿಡಿಯುತ್ತದೆ. 98 × 47 = (100 − 2) × 47 = 4700 − 94 = 4606.

ಬಳಸುವಾಗ ಗಮನ ಎರಡು ಕಡೆ ಇರಲಿ. ಒಂದು, ಹೊರಗಿನ ಸಂಖ್ಯೆ ಒಳಗಿನ ಪ್ರತಿ ಪದಕ್ಕೂ ತಲುಪಬೇಕು. ಎರಡು, ಅದು ತನ್ನ ಚಿಹ್ನೆಯ ಸಮೇತ ತಲುಪಬೇಕು. −3(2ಯ − 5) ಎಂದರೆ (−3)(2ಯ) + (−3)(−5) = −6ಯ + 15. ಇದನ್ನು −6ಯ − 15 ಎಂದು ಬರೆಯುವುದು ಈ ಅಧ್ಯಾಯದಲ್ಲೇ ಹೆಚ್ಚು ಕಾಣುವ ತಪ್ಪು. ಮಧ್ಯದ ಸಾಲನ್ನು ಬಾಯಲ್ಲೇ ಮುಗಿಸದೆ ಕಾಗದದ ಮೇಲೆ ಬರೆದರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಆವರಣದ ಹಿಂದೆ ಬರಿ − ಇದ್ದರೆ ಅಲ್ಲಿ −1 ಇದೆ ಎಂದು ತಿಳಿಯಿರಿ: −(ಯ − 8) = −ಯ + 8.

ಇನ್ನು ವಿಭಾಜಕ ಗುಣ ಇಲ್ಲದ ಕಡೆ ಅದನ್ನು ಹೇರುವುದು. ಇವುಗಳನ್ನು ಒಂದೊಂದಾಗಿ ಸಂಖ್ಯೆ ಹಾಕಿ ನೋಡುವುದು ಒಳ್ಳೆಯದು:

(3 + 4)² = 49, ಆದರೆ 3² + 4² = 25. ವ್ಯತ್ಯಾಸ 24, ಅದು ಬಿಟ್ಟುಹೋದ 2 × 3 × 4. (ಅ + ಬ)(ಅ + ಬ) ಎಂದು ಬಿಡಿಸಿ ಬರೆದು ಎರಡು ಸಲ ವಿಭಾಜಕ ಗುಣ ಬಳಸಿದರೆ ಆ ಮಧ್ಯದ ಪದ ತಾನಾಗಿಯೇ ಬರುತ್ತದೆ.

√(9 + 16) = 5, ಆದರೆ √9 + √16 = 7.

2 × (3 × 4) = 24. ಇದನ್ನು (2 × 3) × (2 × 4) = 48 ಎಂದು ಹಂಚುವಂತಿಲ್ಲ. ಒಳಗಿರುವುದು ಗುಣಾಕಾರವಾದ್ದರಿಂದ ಇಲ್ಲಿ ಸಹವರ್ತನೀಯ ಗುಣ ಮಾತ್ರ ನಡೆಯುತ್ತದೆ.

(12 + 18)/6 = 2 + 3 = 5 ಸರಿ, ಅಂಶವನ್ನು ಹಂಚಬಹುದು. 60/(2 + 3) = 12, ಆದರೆ 60/2 + 60/3 = 50; ಛೇದವನ್ನು ಹಂಚುವಂತಿಲ್ಲ.

(ಯ + 6)/6 ಎಂಬಲ್ಲಿ 6 ಹೊಡೆದುಹಾಕಿ ಯ ಎಂದು ಬರೆಯುವುದೂ ಇದೇ ಕುಟುಂಬದ್ದು. ಹೊಡೆದುಹಾಕಬಹುದಾದ್ದು ಅಪವರ್ತನಗಳನ್ನು ಮಾತ್ರ, ಪದಗಳನ್ನಲ್ಲ. (6ಯ + 6)/6 ಆದರೆ ಮೊದಲು 6(ಯ + 1)/6 ಎಂದು ಮಾಡಿ, ಆಮೇಲೆ 6/6 = 1 ಎಂದು ತೆಗೆದು, ಯ + 1 ಎಂದು ಬರೆಯಬಹುದು.

ಋಣ ಗುಣಿಸು ಋಣ ಯಾಕೆ ಧನ?

ಬಾಯಿಪಾಠ ಮಾಡಿಸುವ ಈ ನಿಯಮ ನಿಜಕ್ಕೂ ಮೇಲಿನ ಗುಣಗಳಿಂದಲೇ ಹುಟ್ಟುತ್ತದೆ. ಒಮ್ಮೆ ಕೈಯಾರೆ ಸಾಧಿಸಿ ನೋಡಿದರೆ ಮತ್ತೆ ಮರೆಯುವುದಿಲ್ಲ.

ಮೊದಲು ಅ × 0 = 0 ಎಂಬುದು ಬೇಕು. 0 = 0 + 0 (ಅನನ್ಯತಾಂಶ). ಆದ್ದರಿಂದ ಅ × 0 = ಅ × (0 + 0) = ಅ × 0 + ಅ × 0 (ವಿಭಾಜಕ). ಎರಡೂ ಬದಿಗೆ ಅ × 0 ಎಂಬುದರ ವಿಲೋಮವನ್ನು ಕೂಡಿದರೆ ಉಳಿಯುವುದು 0 = ಅ × 0.

ಈಗ 4 × 7 + (−4) × 7 = (4 + (−4)) × 7 = 0 × 7 = 0. ಅಂದರೆ (−4) × 7 ಎಂಬುದು 28ರ ಸಂಕಲನ ವಿಲೋಮ, −28. ಮುಂದೆ (−4) × (−7) + (−4) × 7 = (−4) × (−7 + 7) = (−4) × 0 = 0. ಅಂದರೆ (−4) × (−7) ಎಂಬುದು −28ರ ವಿಲೋಮ. −28ಕ್ಕೆ ಇರುವ ವಿಲೋಮ ಒಂದೇ, ಅದು 28.

“ಒಂದೇ” ಎಂದು ಹೇಳಿದ್ದಕ್ಕೂ ಕಾರಣ ಬೇಕು. ಅ ಎಂಬುದಕ್ಕೆ ಬ, ಕ ಎರಡೂ ಸಂಕಲನ ವಿಲೋಮಗಳು ಎಂದುಕೊಳ್ಳಿ. ಆಗ ಬ = ಬ + 0 = ಬ + (ಅ + ಕ) = (ಬ + ಅ) + ಕ = 0 + ಕ = ಕ. ಎರಡೂ ಒಂದೇ ಆಗಿಬಿಟ್ಟವು. ನಡುವೆ ಬಳಕೆಯಾದದ್ದು ಸಹವರ್ತನೀಯ ಗುಣ.

4, 7 ಬದಲು ಅ, ಬ ಹಾಕಿ ಇಡೀ ಸಾಧನೆಯನ್ನು ನೀವೇ ಒಮ್ಮೆ ಬರೆಯಿರಿ. ಬರೆಯುವಾಗ −3² ಮತ್ತು (−3)² ನಡುವಿನ ಭೇದವನ್ನೂ ನೆನಪಿಡಿ: ಮೊದಲನೆಯದು 3ರ ವರ್ಗದ ವಿಲೋಮ, −9; ಎರಡನೆಯದು 9.

ಸೊನ್ನೆಯಿಂದ ಭಾಗಿಸುವುದು ಯಾಕೆ ಆಗದು?

ಈ ಪ್ರಶ್ನೆ ದೊಡ್ಡ ದೊಡ್ಡ ಗಣಿತಜ್ಞರನ್ನೂ ಕಾಡಿದೆ. ಸೊನ್ನೆ ಮತ್ತು ಋಣ ಸಂಖ್ಯೆಗಳ ಲೆಕ್ಕಕ್ಕೆ 628ರಲ್ಲೇ ವ್ಯವಸ್ಥಿತ ನಿಯಮಗಳನ್ನು ಬರೆದ ಬ್ರಹ್ಮಗುಪ್ತ 0 ÷ 0 = 0 ಎಂದರು. 9ನೇ ಶತಮಾನದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದರು. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಅದಕ್ಕೆ ಖಹರ ಎಂದು ಹೆಸರಿಟ್ಟು ಅನಂತವೆಂದು ಬಗೆದರು. ಮೂವರೂ ಕೇಳಿದ ಪ್ರಶ್ನೆ ಸರಿಯಾದದ್ದೇ. ಉತ್ತರಗಳು ಮೇಲಿನ ಗುಣಗಳ ಜೊತೆ ಹೊಂದುತ್ತವೆಯೇ ಎಂದು ಪರೀಕ್ಷಿಸೋಣ.

ಭಾಗಾಕಾರ ಎಂದರೆ ವ್ಯುತ್ಕ್ರಮದಿಂದ ಗುಣಿಸುವುದು. 0ಗೆ ವ್ಯುತ್ಕ್ರಮ ಇದ್ದರೆ 0 × (1/0) = 1 ಆಗಬೇಕು. ಆದರೆ ಯಾವ ಸಂಖ್ಯೆಯನ್ನು 0ಯಿಂದ ಗುಣಿಸಿದರೂ 0 ಎಂದು ಈಗಷ್ಟೇ ಸಾಧಿಸಿದ್ದೇವೆ. ಹಾಗಾದರೆ 0 = 1, ಅದರಿಂದ ಎಲ್ಲ ಸಂಖ್ಯೆಗಳೂ 0 ಎಂದಾಗುತ್ತದೆ. 5 ÷ 0 = 5 ಎಂದರೆ 5 = 5 × 0 = 0. 0 ÷ 0 = 0 ಎಂದರೆ, ಬೇರೆ ಯಾವುದೇ ಸಂಖ್ಯೆಯೂ 0 × ಯ = 0 ಎಂಬುದಕ್ಕೆ ಅಷ್ಟೇ ಚೆನ್ನಾಗಿ ಹೊಂದುತ್ತದೆ; 0ಯನ್ನೇ ಆರಿಸಲು ಕಾರಣವಿಲ್ಲ. ಅನಂತ ಎಂಬುದಂತೂ ವಾಸ್ತವ ಸಂಖ್ಯೆಗಳ ಗಣದಲ್ಲೇ ಇಲ್ಲ. ಹೀಗಾಗಿ 0ಯಿಂದ ಭಾಗಿಸುವುದಕ್ಕೆ ವ್ಯಾಖ್ಯಾನ ಕೊಡುವುದಿಲ್ಲ.

ಸೊನ್ನೆ ಅಕ್ಷರಗಳ ಹಿಂದೆ ಅಡಗಿರುವಾಗ ಅಪಾಯ ಹೆಚ್ಚು. ಅ = ಬ ಎಂದಿರಲಿ. ಎರಡೂ ಬದಿಯನ್ನು ಅ ಇಂದ ಗುಣಿಸಿ, ಬ² ಕಳೆದರೆ ಅ² − ಬ² = ಅ × ಬ − ಬ². ಅಪವರ್ತಿಸಿದರೆ (ಅ − ಬ)(ಅ + ಬ) = ಬ(ಅ − ಬ). ಅ − ಬ ಹೊಡೆದುಹಾಕಿದರೆ ಅ + ಬ = ಬ, ಅಂದರೆ 2ಬ = ಬ, ಅಂದರೆ 2 = 1! ಹೊಡೆದುಹಾಕಿದ ಅ − ಬ ಎಂಬುದು 0. ಬಲಗಡೆಯ ಅಂಕಣದಲ್ಲಿ “ಅ − ಬ ಇಂದ ಭಾಗಿಸಿದೆ, ಅದು 0 ಅಲ್ಲ” ಎಂದು ಬರೆಯಲು ಹೋಗಿದ್ದರೆ ಕೈ ಅಲ್ಲೇ ನಿಲ್ಲುತ್ತಿತ್ತು.

ಇದೇ ತಪ್ಪು ಸೌಮ್ಯ ರೂಪದಲ್ಲಿ ಉತ್ತರವನ್ನು ನುಂಗಿಹಾಕುತ್ತದೆ. ಯ² = 5ಯ ಎಂಬಲ್ಲಿ ಎರಡೂ ಬದಿಯನ್ನು ಯ ಇಂದ ಭಾಗಿಸಿದರೆ ಯ = 5 ಮಾತ್ರ ಸಿಗುತ್ತದೆ, ಯ = 0 ಕಳೆದುಹೋಗುತ್ತದೆ. ಸರಿಯಾದ ದಾರಿ: ಯ² − 5ಯ = 0, ಯ(ಯ − 5) = 0, ಆದ್ದರಿಂದ ಯ = 0 ಅಥವಾ ಯ = 5.

ಇಲ್ಲಿ ಬಳಸಿದ್ದು ಸೊನ್ನೆ ಗುಣಲಬ್ಧದ ಗುಣ: ಗುಣಲಬ್ಧ 0 ಆದರೆ ಅಪವರ್ತನಗಳಲ್ಲಿ ಒಂದಾದರೂ 0. ಇದು 0ಗೆ ಮಾತ್ರ ಉಂಟು. (ಯ − 2)(ಯ − 5) = 4 ಎಂಬಲ್ಲಿ ಯ − 2 = 4 ಅಥವಾ ಯ − 5 = 4 ಎಂದು ಬರೆಯುವಂತಿಲ್ಲ. ಬಿಡಿಸಿ, ಬಲಬದಿಯನ್ನು 0 ಮಾಡಬೇಕು: ಯ² − 7ಯ + 6 = 0, (ಯ − 1)(ಯ − 6) = 0, ಯ = 1 ಅಥವಾ 6. ತಾಳೆ ನೋಡಿ: (−1)(−4) = 4, (4)(1) = 4.

ಒಂದು ಸಮೀಕರಣ, ಸಾಲು ಸಾಲಿಗೂ ಕಾರಣ

ಸಮತೆಗೂ ತನ್ನದೇ ಗುಣಗಳಿವೆ. ಅ = ಬ ಆದರೆ ಬ = ಅ; ಅ = ಬ, ಬ = ಕ ಆದರೆ ಅ = ಕ; ಸಮವಾದ ಎರಡು ಬದಿಗೆ ಒಂದೇ ಸಂಖ್ಯೆಯನ್ನು ಕೂಡಿದರೂ ಗುಣಿಸಿದರೂ ಸಮತೆ ಉಳಿಯುತ್ತದೆ. “ಆಚೆ ಬದಿಗೆ ಹೋದಾಗ ಚಿಹ್ನೆ ಬದಲಾಗುತ್ತದೆ” ಎಂಬ ಮಾತು ಇದರ ಅಡ್ಡದಾರಿ. ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಎರಡೂ ಬದಿಗೆ ವಿಲೋಮ ಕೂಡುತ್ತೇವೆ. 3ಯ = 12 ಎಂಬಲ್ಲಿ 3ನ್ನು “ಆಚೆ ಕಳಿಸಿ” 12 − 3 ಎಂದು ಬರೆಯುವವರನ್ನು ತಪ್ಪಿಸಿದ್ದು ಆ ಅಡ್ಡದಾರಿಯೇ.

5(2ಯ − 3) − 4(ಯ − 6) = 3ಯ + 30

10ಯ − 15 − 4ಯ + 24 = 3ಯ + 30 — ವಿಭಾಜಕ ಗುಣ; (−4)(−6) = 24

10ಯ − 4ಯ − 15 + 24 = 3ಯ + 30 — ಕೂಡಿಕೆಯಾಗಿ ನೋಡಿದಾಗ ಪರಿವರ್ತನೀಯ, ಸಹವರ್ತನೀಯ

6ಯ + 9 = 3ಯ + 30 — ವಿಭಾಜಕ, (10 − 4)ಯ

3ಯ + 9 = 30 — ಎರಡೂ ಬದಿಗೆ −3ಯ ಕೂಡಿದೆ; ವಿಲೋಮ, ಅನನ್ಯತಾಂಶ

3ಯ = 21 — ಎರಡೂ ಬದಿಗೆ −9 ಕೂಡಿದೆ

ಯ = 7 — ಎರಡೂ ಬದಿಯನ್ನು 1/3ರಿಂದ ಗುಣಿಸಿದೆ; 3 ಸೊನ್ನೆಯಲ್ಲ

ತಾಳೆ: 5 × 11 − 4 × 1 = 51, 3 × 7 + 30 = 51. ತಾಳೆ ನೋಡುವಾಗ ಬೆಲೆಯನ್ನು ಮೊಟ್ಟಮೊದಲ ಸಾಲಿನಲ್ಲೇ ಹಾಕಿ. ಮಧ್ಯದ ಸಾಲಿನಲ್ಲಿ ಹಾಕಿದರೆ ಅದಕ್ಕಿಂತ ಮೇಲೆ ಆದ ತಪ್ಪು ಬಯಲಾಗುವುದಿಲ್ಲ.

ಕ್ರಮದ ಗುಣಗಳು: ಅಸಮತೆಗಳು

ಯಾವುದೇ ಎರಡು ವಾಸ್ತವ ಸಂಖ್ಯೆಗಳಲ್ಲಿ ಅ < ಬ, ಅ = ಬ, ಅ > ಬ ಈ ಮೂರರಲ್ಲಿ ಒಂದು ಮಾತ್ರ ನಿಜ. ಎರಡೂ ಬದಿಗೆ ಏನು ಕೂಡಿದರೂ ಕ್ರಮ ಬದಲಾಗದು. ಧನ ಸಂಖ್ಯೆಯಿಂದ ಗುಣಿಸಿದರೂ ಬದಲಾಗದು. ಋಣ ಸಂಖ್ಯೆಯಿಂದ ಗುಣಿಸಿದರೆ ಚಿಹ್ನೆ ತಿರುಗುತ್ತದೆ: 2 < 5, ಆದರೆ −2 > −5. ಆದ್ದರಿಂದ 7 − 3ಯ > 1 ಎಂಬಲ್ಲಿ −3ಯ > −6, ಮುಂದೆ ಯ < 2.

ಕಷ್ಟ ಬರುವುದು ಅಕ್ಷರದಿಂದ ಗುಣಿಸುವಾಗ. ಅದು ಧನವೋ ಋಣವೋ ಗೊತ್ತಿರುವುದಿಲ್ಲ. 6/ಯ > 2 ಎಂಬುದನ್ನು ನೇರವಾಗಿ 6 > 2ಯ ಮಾಡಿ ಯ < 3 ಎಂದರೆ ಯ = −1 ಕೂಡ ಉತ್ತರವಾಗಬೇಕು; ಆದರೆ −6 > 2 ಸುಳ್ಳು. ಎರಡು ಸಂದರ್ಭ ಮಾಡಿ. ಯ ಧನವಾದರೆ 6 > 2ಯ, ಅಂದರೆ 0 < ಯ < 3. ಯ ಋಣವಾದರೆ ಚಿಹ್ನೆ ತಿರುಗಿ 6 < 2ಯ, ಯ > 3. ಋಣ ಸಂಖ್ಯೆ 3ಕ್ಕಿಂತ ದೊಡ್ಡದಾಗಲಾರದು. ಉತ್ತರ 0 < ಯ < 3.

ವರ್ಗ ಮಾಡುವಾಗಲೂ ಇದೇ ಎಚ್ಚರ: −5 < 2, ಆದರೆ 25 > 4. √(ಯ²) ಎಂಬುದು ಯ ಅಲ್ಲ, ಯ ಎಂಬುದರ ಚಿಹ್ನೆ ಬಿಟ್ಟ ಬೆಲೆ |ಯ|; ಯ = −5 ಆದಾಗ ಅದು 5.

ಭಾಗಲಬ್ಧಗಳಲ್ಲಿ ಇಲ್ಲದ್ದು

ಈ ತನಕ ಹೇಳಿದ ಎಲ್ಲ ಗುಣಗಳೂ ಭಾಗಲಬ್ಧ ಸಂಖ್ಯೆಗಳಿಗೂ ಇವೆ. ಹಾಗಾದರೆ ವಾಸ್ತವ ಸಂಖ್ಯೆಗಳು ಯಾಕೆ ಬೇಕು? √2 = ಪ/ಮ ಎಂದು ಸಾಮಾನ್ಯ ಅಪವರ್ತನ ಉಳಿಯದಂತೆ ಬರೆದೆವು ಎಂದುಕೊಳ್ಳಿ. ಪ² = 2ಮ², ಆದ್ದರಿಂದ ಪ ಸಮಸಂಖ್ಯೆ, ಪ = 2ಕ. ಆಗ 4ಕ² = 2ಮ², ಮ² = 2ಕ², ಮ ಕೂಡ ಸಮ. ಎರಡಕ್ಕೂ 2 ಅಪವರ್ತನವಾಯಿತು. ಮೊದಲು ಹೇಳಿದ್ದಕ್ಕೆ ವಿರೋಧ. ಅಂದರೆ 1.4, 1.41, 1.414 ಎಂದು ಸಾಗುವ ಭಾಗಲಬ್ಧಗಳ ಸಾಲು ಮುಟ್ಟಬೇಕಾದ ಜಾಗದಲ್ಲಿ ಭಾಗಲಬ್ಧವೇ ಇಲ್ಲ. ಯಾವುದೇ ಎರಡು ಭಾಗಲಬ್ಧಗಳ ನಡುವೆ ಇನ್ನೊಂದು ಭಾಗಲಬ್ಧ ಇದ್ದರೂ ರೇಖೆಯಲ್ಲಿ ಬಿರುಕುಗಳು ಉಳಿದಿವೆ. ವಾಸ್ತವ ಸಂಖ್ಯೆಗಳಲ್ಲಿ ಬಿರುಕಿಲ್ಲ. ಇದು ಪೂರ್ಣತೆಯ ಗುಣ. 1872ರಲ್ಲಿ ಗಣಿತಜ್ಞ ಡೆಡೆಕಿಂಡ್ ಇದಕ್ಕೆ ಕರಾರುವಾಕ್ಕಾದ ರೂಪ ಕೊಟ್ಟರು.

ಕಂಪ್ಯೂಟರ್ ಸಾಮಾನ್ಯವಾಗಿ ಬಳಸುವ ದಶಮಾಂಶಗಳು ವಾಸ್ತವ ಸಂಖ್ಯೆಗಳಲ್ಲ, ಅವುಗಳ ಅಂದಾಜು. ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ (0.1 + 0.2) + 0.3 ಕೊಟ್ಟರೆ 0.6000000000000001, 0.1 + (0.2 + 0.3) ಕೊಟ್ಟರೆ 0.6 ಬರುತ್ತದೆ. ಸಹವರ್ತನೀಯ ಗುಣವೇ ಅಲ್ಲಿ ಮುರಿದಿದೆ. ಪ್ರೋಗ್ರಾಂ ಬರೆಯುವವರು ಎರಡು ದಶಮಾಂಶಗಳು ಸಮವೇ ಎಂದು ನೇರವಾಗಿ ಕೇಳದೆ, ವ್ಯತ್ಯಾಸ ಸಾಕಷ್ಟು ಚಿಕ್ಕದೇ ಎಂದು ಕೇಳುವುದು ಅದಕ್ಕೇ.

ಕೈ ಪಳಗಿಸಲು

4 − 2(ಯ − 3) = 2ಯ ಬಿಡಿಸಿ. 4ರಿಂದ 2ನ್ನು ಮೊದಲೇ ಕಳೆದವರಿಗೆ 2ಯ − 6 = 2ಯ ಬಂದು ಪರಿಹಾರವೇ ಇಲ್ಲ ಅನ್ನಿಸುತ್ತದೆ. ಸರಿಯಾಗಿ 4 − 2ಯ + 6 = 2ಯ, ಯ = 5/2.

10/ಯ < 5 ಬಿಡಿಸಿ. ಯ ಧನವಾದಾಗ ಯ > 2. ಯ ಋಣವಾದಾಗ ಎಲ್ಲ ಬೆಲೆಗಳೂ ಸರಿ. ಉತ್ತರ: ಯ < 0 ಅಥವಾ ಯ > 2.

ಕೊನೆಯದು ಸ್ವಲ್ಪ ಗಟ್ಟಿ, ಆದರೆ ಗುಣಗಳು ನಿಜವಾಗಿ ಅರ್ಥವಾಗಿವೆಯೇ ಎಂದು ಅಳೆಯಲು ಇದಕ್ಕಿಂತ ಒಳ್ಳೆಯದು ಸಿಗದು. ಅ ∗ ಬ = ಅ + ಬ + ಅ × ಬ ಎಂಬ ಹೊಸ ಕ್ರಿಯೆ ಕಟ್ಟಿಕೊಳ್ಳಿ. 2 ∗ 3 = 2 + 3 + 6 = 11. ಇದು ಪರಿವರ್ತನೀಯ ಎಂಬುದು ಸೂತ್ರ ನೋಡಿದರೇ ತಿಳಿಯುತ್ತದೆ. (2 ∗ 3) ∗ 4 = 11 + 4 + 44 = 59, 2 ∗ (3 ∗ 4) = 2 ∗ 19 = 2 + 19 + 38 = 59. ಎರಡೂ ಒಂದೇ ಬಂದವು, ಆದರೆ ಒಂದು ಉದಾಹರಣೆ ಸಾಧನೆಯಾಗದು. 1 + (ಅ ∗ ಬ) = (1 + ಅ)(1 + ಬ) ಎಂಬುದನ್ನು ಗಮನಿಸಿ, ಅಲ್ಲಿಂದ ಸಹವರ್ತನೀಯ ಗುಣವನ್ನು ಸಾಧಿಸಿ. ಇದರ ಅನನ್ಯತಾಂಶ 0, ಯಾಕೆಂದರೆ ಅ + 0 + 0 = ಅ. ವಿಲೋಮ ಬೇಕಾದರೆ ಅ + ಬ + ಅ × ಬ = 0 ಆಗಬೇಕು; ಬ(1 + ಅ) = −ಅ, ಬ = −ಅ/(1 + ಅ). 2ರ ವಿಲೋಮ −2/3; ಕೂಡಿ ನೋಡಿ, 2 − 2/3 − 4/3 = 0. ಅ = −1 ಆದಾಗ ಮಾತ್ರ 1 + ಅ = 0 ಆಗಿ ವಿಲೋಮ ಸಿಗುವುದಿಲ್ಲ. ಬ ಏನೇ ಇರಲಿ −1 ∗ ಬ = −1 + ಬ − ಬ = −1: ಗುಣಾಕಾರದಲ್ಲಿ 0 ಎಲ್ಲವನ್ನೂ 0 ಮಾಡುವಂತೆ ಇಲ್ಲಿ −1 ಎಲ್ಲವನ್ನೂ −1 ಮಾಡುತ್ತದೆ, ಅದಕ್ಕೆ ವಿಲೋಮ ಇಲ್ಲದಿರುವುದೂ ಅದೇ ಕಾರಣಕ್ಕೆ.